ವೈಸಿನ ನಡುವಿನ ಜಾಗ

ಸೇರು ಹೋಗಿ ಕಿಲೋ ಬಂದ ಮರುವರ್ಷ ಬಸವನ ಬಾಗೇವಾಡಿಯ ಮುರ್ತುಜಾಸಾಬನ ಪಡಸಾಲೆಯಲ್ಲಿ ಕೂಡಲು ಜಾಗವಿರಲಿಲ್ಲ. ಸುತ್ತಲ ಊರುಗಳ ತಕ್ಕಡಿಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಕಿರಾಣಿ ಅಂಗಡಿಯ ಸಣ್ಣ ತಕ್ಕಡಿ, ಅಡತಿ ಅಂಗಡಿಯ ಆಳುದ್ದದ ತಕ್ಕಡಿ, ಇಂಗಳೇಶ್ವರದ ಅಕ್ಕಸಾಲಿಗನ ಗೇಣುದ್ದದ ತಕ್ಕಡಿ. ಎಲ್ಲಕ್ಕೂ ಹೊಸ ಸರಕಾರಿ ಮುದ್ರೆ ಬೇಕು. ಮುದ್ರೆಗೆ ಮೊದಲು ರಿಪೇರಿ ಬೇಕು. ರಿಪೇರಿಯ ಲೈಸನ್ಸು ಈ ಸೀಮೆಯಲ್ಲಿ ಮುರ್ತುಜಾಸಾಬನೊಬ್ಬನಿಗೆ ಇತ್ತು. ಅದಕ್ಕೆ ಗಾಜಿನ ಕಟ್ಟು ಹಾಕಿಸಿ ಬಾಗಿಲಿನೆದುರಿನ ಗೋಡೆಗೆ ತೂಗುಬಿಟ್ಟಿದ್ದ.

ಆ ಪಡಸಾಲೆಗೆ ಒಂದು ಮಧ್ಯಾಹ್ನ ತಾಳಿಕೋಟೆಯ ಅಡತಿ ವ್ಯಾಪಾರಿ ಖಂಡೆಪ್ಪ ಬಂದ. ಹಿಂದೆ ಒಬ್ಬ ಹಮಾಲ. ಅವನ ಹೆಗಲ ಮೇಲೆ ಗೋಣಿತಾಟಿನಲ್ಲಿ ಸುತ್ತಿದ ತಕ್ಕಡಿಯ ದಂಡಿಗೆ.

“ಇಳಸೋ ಇಲ್ಲೇ,” ಅಂದ ಖಂಡೆಪ್ಪ, ಚಪ್ಪಲಿಯನ್ನೂ ಬಿಡದೆ. “ಸಾಬರ, ನಿಮ್ಮ ತಕ್ಕಡಿ ನೀವ ಇಟಗೋರಿ. ಮಾಪಿನ ಸಾಹೇಬರು ಮುದ್ರಿ ಹಾಕಾಕ ಒಲ್ಲೆ ಅಂದ್ರು.”

“ಒಲ್ಲೆ ಅಂದ್ರ? ಯಾಕ?”

“ಕೊಂಡಿ ಮುಂದ ಸರಿಸಿದ್ರ ಒಂದು ತೂಕ, ಹಿಂದ ಸರಿಸಿದ್ರ ಇನ್ನೊಂದು ತೂಕ. ರೈತರು ಸುತ್ತ ನಿಂತಿದ್ರು. ಅವರ ಮುಂದ ಸಾಹೇಬರು ಮೂರು ಸರ್ತಿ ಮಾಡಿ ತೋರ್ಸಿದ್ರು. ಮಂದಿ ನನ್ನ ಮಾರಿ ನೋಡಿದ್ರು, ಸಾಬರ. ಮೂವತ್ತು ವರ್ಷದಾಗ ಯಾರೂ ನನ್ನ ಹಂಗ ನೋಡಿದ್ದಿಲ್ಲ.”

ಖಂಡೆಪ್ಪ ಕೂಡಲಿಲ್ಲ, ಚಹಾಕ್ಕೂ ನಿಲ್ಲಲಿಲ್ಲ. ಹೋಗುವಾಗ ಒಂದು ಕಾಗದ ಕೊಟ್ಟುಹೋದ. ಓದಿದವನು ಮುರ್ತುಜಾಸಾಬನ ಮಗ ಶಹಾಬುದ್ದೀನ. ಅಳತೆ-ತೂಕ ಇಲಾಖೆಯ ಸಾಹೇಬರು ತಾಳಿಕೋಟೆಯಲ್ಲಿ ನಡೆಸಿದ ಮುದ್ರೆ ಕ್ಯಾಂಪಿನಲ್ಲಿ ಈ ಮನೆಯಲ್ಲಿ ರಿಪೇರಿಯಾದ ಮೂರು ತಕ್ಕಡಿಗಳು ತಿರಸ್ಕೃತವಾಗಿದ್ದವು. ಮುಂದಿನ ಕ್ಯಾಂಪು ಮುದ್ದೇಬಿಹಾಳದ ಚಾವಡಿಯಲ್ಲಿ, ಇಪ್ಪತ್ತನಾಲ್ಕು ದಿನಕ್ಕೆ. ಖಂಡೆಪ್ಪನ ತಕ್ಕಡಿಯನ್ನು ಅಲ್ಲಿ ಮತ್ತೆ ಪರೀಕ್ಷಿಸುತ್ತಾರೆ. ಆಗಲೂ ತಪ್ಪಿದರೆ ಲೈಸನ್ಸು ರದ್ದು.

ತಕ್ಕಡಿಯ ದಂಡಿಗೆಯಲ್ಲಿ ಮೂರು ಉಕ್ಕಿನ ಕೀಲುಗಳಿರುತ್ತವೆ. ನಡುವಿನದರ ಮೇಲೆ ದಂಡಿಗೆ ತೂಗುತ್ತದೆ. ತುದಿಯ ಎರಡಕ್ಕೆ ಕೊಂಡಿ, ಕೊಂಡಿಗೆ ಪರಡಿ, ಅಂದರೆ ತೂಕದ ತಟ್ಟೆ. ಪ್ರತಿ ಕೀಲಿಗೂ ಕುಡಗೋಲಿನ ಬಾಯಂಥ ಧಾರೆ. ಮೂರೂ ಧಾರೆ ನೆಟ್ಟಗಿದ್ದರೆ ತಕ್ಕಡಿ ನಿಜ ಹೇಳುತ್ತದೆ. ಕೂದಲೆಳೆಯಷ್ಟು ವಾರೆಯಾದರೂ ಸುಳ್ಳು. ಆ ಧಾರೆಗಳನ್ನು ಕಾನಸೆಂಬ ಅರದಿಂದ ಉಜ್ಜಿ ತೆಗೆಯುವುದೇ ಈ ಮನೆಯ ಕಸಬು. ಉಜ್ಜುವಾಗ ಕೀಲನ್ನು ಕಚ್ಚಿ ಹಿಡಿಯುತ್ತಿದ್ದದ್ದು ಪಡಸಾಲೆಯ ಮೂಲೆಯಲ್ಲಿ ಜಾಲಿಯ ಹಲಗೆಗೆ ಬಿಗಿದಿದ್ದ ವೈಸು; ಮುರ್ತುಜಾಸಾಬನ ಅಪ್ಪ ಸೊಲ್ಲಾಪುರದ ಹರಾಜಿನಲ್ಲಿ ಹಿಡಿದು ಚಕ್ಕಡಿಯಲ್ಲಿ ತಂದದ್ದು. ಎರಡು ಉಕ್ಕಿನ ದವಡೆ. ಒಂದು ನಿಂತದ್ದು, ಇನ್ನೊಂದು ಹಿಡಿ ತಿರುವಿದರೆ ಜಾರಿ ಬಂದು ಕಚ್ಚುವುದು.

ಆ ದಿನ ಊಟಕ್ಕೆ ಬಿಸಿರೊಟ್ಟಿ, ಪುಂಡಿಪಲ್ಯ. ಸೊಸೆ ಸಗೀರಾ ಒಲೆಯ ಮುಂದೆ ಬಡಿಯುತ್ತಿದ್ದಳು, ಅತ್ತೆ ಶಮ್ಶುನ್ನೀಸಾ ಬಡಿಸುತ್ತಿದ್ದಳು.

“ಎಡಗೈಲೆ ಉಜ್ಜಿದ ಧಾರಿ ನೆಟ್ಟಗ ಹೆಂಗ ಬಂದೀತು?” ಮುರ್ತುಜಾಸಾಬ ತಾಟು ನೋಡುತ್ತಲೇ ಅಂದ. “ಸಣ್ಣಾವಿದ್ದಾಗ ಹೊಡದು ಬಿಡಿಸಬೇಕಾಗಿತ್ತು. ಇವರವ್ವ ಬಿಡಲಿಲ್ಲ.”

“ಹೊಡದ್ರಲ್ಲ,” ಅಂದಳು ಶಮ್ಶುನ್ನೀಸಾ. “ನೀವು ಹೊಡದ್ರಿ, ಅಂವ ಎಡಗೈಲೆ ಕಣ್ಣೀರು ಒರಸ್ಕೊಂಡ. ಅಷ್ಟ ಆತು.”

“ಹತ್ತು ವರ್ಷ ಇದ ಕೈಲೆ ಉಜ್ಜೇನಿ, ಅಬ್ಬಾ,” ಅಂದ ಶಹಾಬುದ್ದೀನ. “ಆವಾಗೆಲ್ಲಾ ಮುದ್ರಿ ಬಿತ್ತಲ್ಲ?”

“ಆವಾಗ ಸೇರಿನ ಕಾಲ. ನಾಲ್ಕು ಕಾಳು ಜ್ವಾಳ ಹೆಚ್ಚುಕಮ್ಮಿ ಆದ್ರ ಯಾರು ಕೇಳ್ತಿದ್ರು? ಈಗ ಗ್ರ್ಯಾಮು ಬಂದೈತಿ. ಕೈಯಾಗಿನ ಖೋಡಿ ಹೊರಗ ಬಿತ್ತು.”

“ಕೈ ಅಲ್ಲ, ವೈಸು. ಸಡಲಾಗೇತಿ ಅದು. ಹಿಡಿ ಹಿಂದಕ್ಕ ತಿರವಿದ್ರ ಅರ್ಧ ಸುತ್ತು ಖಾಲಿ ತಿರಗತೈತಿ. ಸೊಲ್ಲಾಪುರಕ್ಕ ಹೋಗಿ ಹೊಸಾದು ತರೂಣು.”

ಮುರ್ತುಜಾಸಾಬ ಮುರಿದ ರೊಟ್ಟಿಯನ್ನು ತಾಟಿನಲ್ಲಿಟ್ಟ. “ನಿಮ್ಮ ಅಜ್ಜ ತಂದ ವೈಸು ಅದು. ಅದರಾಗ ಹಿಡದ ಕಬ್ಬಿಣ ಮಿಸಕಾಡಿದ್ದು ನಾ ಕಂಡಿಲ್ಲ. ಕುಣೀಲಾರದಾಕಿ ನೆಲಾ ಡೊಂಕಂದ್ಲಂತ.”

ಶಹಾಬುದ್ದೀನ ಅರ್ಧ ಊಟಕ್ಕೇ ಕೈ ತೊಳೆದ. ಶಮ್ಶುನ್ನೀಸಾ ಅವನ ತಾಟಿನ ರೊಟ್ಟಿಯನ್ನು ಗಂಡನ ತಾಟಿಗೆ ಹಾಕಿ, “ಇದನ್ನೂ ನೀವ ತಿನ್ರಿ. ಮಾತಿನ ಕಸುವು ಬೇಕಲ್ಲ,” ಅಂದಳು.

ಮರುದಿನ ಶಹಾಬುದ್ದೀನ ಹಲಗೆಯ ಕೆಳಗೆ ತೂರಿ, ವೈಸನ್ನು ಹಲಗೆಗೆ ಬಿಗಿದ ನಾಲ್ಕು ಬೋಲ್ಟುಗಳನ್ನು ನೋಡಿದ. ಒಂದು ಬೆರಳಲ್ಲೇ ತಿರುಗಿತು. ಜಾಲಿಯ ಹಲಗೆ ಒಣಗಿ ಕುಗ್ಗಿತ್ತು. ನಾಲ್ಕಕ್ಕೂ ತೊಗಲಿನ ಬಿಲ್ಲೆ ಹಾಕಿ, ಬೋಲ್ಟು ತಿರುವುವ ಪಾನಾಕ್ಕೆ ಕೊಳವೆ ಸಿಕ್ಕಿಸಿ ಬಿಗಿದ. ವೈಸು ಹಲಗೆಯ ಮೇಲೆ ಬಂಡೆಯಂತೆ ಕೂತಿತು. ಹುರುಪಿನಿಂದ ಒಂದು ಕೀಲು ಉಜ್ಜಿದ. ಮಟ್ಟಗೋಲು ಇಟ್ಟು ಬೆಳಕಿಗೆ ಹಿಡಿದರೆ ಧಾರೆ ಎಡಕ್ಕೆ ವಾರೆ.

ಆಮೇಲೆ ದವಡೆಗಳ ಮುಖದ ಪಟ್ಟಿ ಬಿಚ್ಚಿದ. ಹಿಂದೆ ಸೇರಿದ್ದ ಕಿಲುಬು ಕೆರೆದು, ಸ್ಕ್ರೂ ಬಿಗಿದು ಮತ್ತೆ ಕೂರಿಸಿದ. ಅದೂ ಆಯಿತು, ಧಾರೆ ಮತ್ತೆ ವಾರೆ.

“ಆತೇನಪಾ ಡಾಕ್ಟರಕಿ?” ಅಂದ ಮುರ್ತುಜಾಸಾಬ, ಹೊರಗಿನ ಕಟ್ಟೆಯಿಂದಲೇ. “ಎಲ್ಲಾ ಕಡೆ ನಾಡಿ ನೋಡಿದಿ. ರೋಗ ಅಂಗೈಯಾಗ ಐತಿ.”

“ಹಂಗಾದ್ರ ನೀವ ಒಂದು ಉಜ್ಜಿ ತೋರ್ಸ್ರಿ, ಅಬ್ಬಾ.”

“ನನ್ನ ಕಣ್ಣು ಮಂಜಾಗಿ ಎರಡು ವರ್ಷ ಆತು. ಇಲ್ಲಾಂದ್ರ ತೋರ್ಸತಿದ್ದೆ.”

ಶುಕ್ರವಾರ ಶಹಾಬುದ್ದೀನ ಖಂಡೆಪ್ಪನನ್ನು ಸಮಾಧಾನ ಮಾಡಲು ತಾಳಿಕೋಟೆಯ ಬಸ್ಸು ಹತ್ತಿದ. ಹೆಂಗಸರು ಬಾವಿಗೆ ಹೋಗಿದ್ದರು. ನಮಾಜು ಮುಗಿಸಿ ಬಂದ ಮುರ್ತುಜಾಸಾಬ ಬಾಗಿಲು ಮುಂದೆ ಮಾಡಿ, ಮೂಗಿಗೆ ಚಾಳೀಸು ಏರಿಸಿ, ವೈಸಿನ ಮುಂದೆ ನಿಂತ. ಹೊಸ ಕೀಲು ಹಿಡಿದ. ಬಲಗೈಯಲ್ಲಿ ಕಾನಸಿನ ಹಿಡಿ, ಎಡಗೈ ತುದಿಗೆ. ಮೂವತ್ತು ವರ್ಷ ನಿಂತ ಹಾಗೆಯೇ ನಿಂತ. ಉಜ್ಜಿದ. ಮಟ್ಟಗೋಲು ಇಟ್ಟ. ವಾರೆ. ಇನ್ನೊಂದು ಹಿಡಿದ, ಉಸಿರು ಕಟ್ಟಿ ಉಜ್ಜಿದ. ಅದೂ ವಾರೆ. ಕೈಗಳನ್ನು ಬೆಳಕಿಗೆ ಚಾಚಿ ನೋಡಿದ. ಎರಡೂ ಕೀಲುಗಳನ್ನು ಜುಬ್ಬದ ಕಿಸೆಗೆ ಹಾಕಿಕೊಂಡು ಕಟ್ಟೆಗೆ ಬಂದು ಕೂತ.

ಅಂದಿನಿಂದ ಮಗನನ್ನು ಬಯ್ಯುವುದು ಬಿಟ್ಟ. ಅದೇ ಶಮ್ಶುನ್ನೀಸಾಳಿಗೆ ಹೆದರಿಕೆ ತಂದಿತು.

“ಏನಾಗೇತಿ ನಿಮಗ?” ಎರಡನೆಯ ದಿನ ಕೇಳಿದಳು.

“ಲೈಸನ್ಸ್ ನಾವ ತಿರುಗಿ ಕೊಟ್ಟು ಬಿಡೂಣು. ಅವರು ಕಸಗೊಳ್ಳೂದಕ್ಕಿಂತ ಮೊದಲು. ಶಹಾಬುದ್ದೀನ ಇಂಡಿ ಕಡೆ ಎಲ್ಲೆರೆ ನೌಕರಿ ನೋಡ್ಲಿ.”

“ನೀವು?”

“ನಾ ಬೀಗದ ಕೈ ಮಾಡ್ತೇನಿ. ಸಂತ್ಯಾಗ ಕೂಡ್ತೇನಿ.”

“ಮೂವತ್ತು ವರ್ಷ ತಕ್ಕಡಿ ಸಾಬನ ಹೇಣ್ತಿ ಅನಿಸ್ಕೊಂಡೇನಿ,” ಅಂದಳು ಶಮ್ಶುನ್ನೀಸಾ. “ಬೀಗದ ಸಾಬನ ಹೇಣ್ತಿ ಅನಿಸ್ಕೊಳ್ಳಾಕ ನನಗ ವಯಸ್ಸಾಗೇತಿ. ಗೋಡಿ ಮ್ಯಾಲಿನ ಕಾಗದಕ್ಕ ಕೈ ಹಚ್ಚಿದ್ರ ನೋಡ್ರಿ. ಇನ್ನೂ ಹದಿನೈದು ದಿನ ಅದಾವ.”

ರಂಜಾನ್ ಚಂದ್ರ ಕಾಣುವ ಹಿಂದಿನ ದಿನ ಮನೆಯ ಬಟ್ಟೆಯನ್ನೆಲ್ಲ ಒಗೆಯುವ ರೂಢಿ. ಸಗೀರಾ ಹಿತ್ತಲಲ್ಲಿ ಒಗೆಯುವ ಮುನ್ನ ಮಾವನ ಜುಬ್ಬದ ಕಿಸೆ ತಿರುವಿಹಾಕಿದಾಗ ಎರಡು ಕೀಲುಗಳು ಠಣ್ಣೆಂದು ಕಲ್ಲಿಗೆ ಬಿದ್ದವು. ತೊಳೆದು ನೋಡಿದಳು. ಗಂಡ ಉಜ್ಜಿದ್ದಲ್ಲ, ಗಂಡ ಕೀಲಿನ ತಲೆಗೆ ಸಣ್ಣ ಗೀರು ಹಾಕುತ್ತಿದ್ದ, ಇವಕ್ಕೆ ಇರಲಿಲ್ಲ. ಒದ್ದೆ ಕೈಯಲ್ಲೇ ಒಳಗೆ ಹೋಗಿ, ಗಂಡ ಉಜ್ಜಿ ಕೆಡಿಸಿದ್ದ ಮೂರನ್ನು ಡಬ್ಬಿಯಿಂದ ತೆಗೆದು, ಐದನ್ನೂ ರೊಟ್ಟಿ ಬಡಿಯುವ ಕಲ್ಲಿನ ಮೇಲೆ ಸಾಲಾಗಿ ನಿಲ್ಲಿಸಿದಳು. ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸೆರಗು ತಲೆಗೆಳೆದುಕೊಂಡು ಪಡಸಾಲೆಯ ಬಾಗಿಲಿಗೆ ಬಂದು ನಿಂತಳು.

ಮದುವೆಯಾಗಿ ಆರು ವರ್ಷವಾದರೂ ಸಗೀರಾ ಮಾವನೊಂದಿಗೆ ನೇರ ಮಾತಾಡುವವಳಲ್ಲ. ಏನೇ ಇದ್ದರೂ ಅತ್ತೆಯ ಮುಖಾಂತರ. ಮುರ್ತುಜಾಸಾಬ ಎರಡು ಮಾರು ದೂರದಲ್ಲಿ ಚಹಾ ಕುಡಿಯುತ್ತಿದ್ದ. ಶಹಾಬುದ್ದೀನ ಅವನ ಪಕ್ಕಕ್ಕೆ.

“ಅತ್ತಿ, ಮಾವಾರಿಗೆ ಕೇಳ್ರಿ, ಜುಬ್ಬಾದ ಕಿಸೆದಾಗ ಸಿಕ್ಕ ಎರಡು ಕೀಲು ಯಾರು ಉಜ್ಜಿದ್ದು ಅಂತ.”

ಮುರ್ತುಜಾಸಾಬನ ಬಸಿ ಬಾಯಿಯ ಹತ್ತಿರ ನಿಂತಿತು.

“ಆಕೀಗೆ ಹೇಳು, ಒಗ್ಯಾಣದ ಮುಂದ ಕಿಸೆ ನೋಡಬಾರದು ಅಂತ.”

“ಕಿಸೆ ನೋಡದ ಒಗದ್ರ ಬೀಡಿ ಕಾಗದ ಎಲ್ಲಾ ಅರಬಿಗೆ ಹತ್ತಾವು ಅಂತ ಹೇಳ್ರಿ,” ಅಂದಳು ಸಗೀರಾ.

“ಇಬ್ಬರೂ ನನಗ ಹೇಳಾಕತ್ತೀರಿ,” ಅಂದಳು ಶಮ್ಶುನ್ನೀಸಾ, “ನಡಬರಕ ನಾ ಏನು ತಕ್ಕಡಿ ಮುಳ್ಳೇನ? ಉಜ್ಜಿದವರು ಯಾರು, ಅದನ್ನ ಹೇಳ್ರಿ.”

ಮುರ್ತುಜಾಸಾಬ ಬಸಿ ಕೆಳಗಿಟ್ಟ. “ನಾ ಉಜ್ಜೇನಿ. ಶುಕ್ರವಾರ. ನನ್ನ ಕೈಯೂ ಮುಗೀತು. ಆತಿಲ್ಲ?”

ಶಹಾಬುದ್ದೀನ ಅಪ್ಪನನ್ನೇ ನೋಡಿದ.

“ಅತ್ತಿ,” ಅಂದಳು ಸಗೀರಾ, “ಮಾವಾರದು ಬಲಗೈ. ಇವರದು ಎಡಗೈ. ಐದೂ ಕೀಲು ಎಡಕ್ಕ ವಾರಿ ಆಗ್ಯಾವ. ಕೈ ತಪ್ಪಿದ್ರ ಒಬ್ಬರದು ಆಕಡೆ ವಾಲಬೇಕು, ಒಬ್ಬರದು ಈಕಡೆ. ನೀವು ಬಡದ ರೊಟ್ಟಿ ಒಂದು ಕಡೆ ದಪ್ಪ ಇರತೈತಿ, ನಾ ಬಡದದ್ದು ಇನ್ನೊಂದು ಕಡೆ. ಇಬ್ಬರದೂ ಒಂದ ಕಡೆ ದಪ್ಪ ಬಂದ್ರ ಕಲ್ಲು ವಾರಿ ಅಂತೀವಲ್ಲ?”

ಶಮ್ಶುನ್ನೀಸಾ ಮೊದಲು ನಕ್ಕಳು. “ನೆಲಾನ ಡೊಂಕೈತಿ ಅನ್ನು.”

ಮುರ್ತುಜಾಸಾಬ ಎದ್ದು ಒಳಗೆ ಹೋದ. ಐದು ಕೀಲುಗಳನ್ನೂ ಒಂದೊಂದಾಗಿ ಎತ್ತಿ, ಮಟ್ಟಗೋಲಿಗೆ ಹಿಡಿದು ನೋಡಿದ. ಹೊರಗೆ ಬಂದವನ ನಡಿಗೆಯೇ ಬೇರೆಯಾಗಿತ್ತು. “ಶಹಾಬುದ್ದೀನ, ಹಳೀ ಪೇಪರ್ ತಾ. ಬೆರಳಗಲ ಎರಡು ಪಟ್ಟಿ ಹರಿ.”

ದವಡೆಗಳ ಎಡತುದಿಗೊಂದು, ಬಲತುದಿಗೊಂದು ಕಾಗದದ ಪಟ್ಟಿ ಇಟ್ಟು ವೈಸು ಬಿಗಿದ. ಎರಡನ್ನೂ ಎಳೆದ. ಬಲಗಡೆಯದು ಹರಿದು ಕೈಗೆ ಬಂತು. ಎಡಗಡೆಯದು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಇಡಿಯಾಗಿ ಬಂತು.

“ಎಡಕ್ಕ ಕಚ್ಚವಲ್ದು,” ಅಂದ ಶಹಾಬುದ್ದೀನ. “ತಿರುಪು ಸವದೈತಿ ಅಂತ ನಾ ಅವತ್ತ ಹೇಳ್ಲಿಲ್ಲ?”

“ತಿರುಪಲ್ಲ. ತಿರುಪು ಹಿಂದಕ್ಕ ಅರ್ಧ ಸುತ್ತು ಖಾಲಿ ತಿರಗಿದ್ರ ತಿರಗಲಿ. ಅದು ಬಿಚ್ಚುವಾಗಿನ ಮಾತು. ಬಿಗಿದ ಮ್ಯಾಲೆ ಅದು ಬಿಗಿನ. ಇಲ್ಲೆ ಬೆರಳಿಡು.” ಮಗನ ಎಡಗೈ ಹಿಡಿದು, ಜಾರುವ ದವಡೆಯ ತೊಲೆ ಒಳಹೋಗುವ ಗೂಡಿನ ಬಾಯಿಗೆ ಇಡಿಸಿದ. ತಾನು ದವಡೆಯನ್ನು ಆಚೀಚೆ ಅಲುಗಿಸಿದ. “ಹತ್ತತೈತೇನು?”

“ಹೌದು, ಅಬ್ಬಾ. ಒಳಗ ಆಡತೈತಿ.”

“ಬಿಚ್ಚು.”

ರೋಜಾ ಉಪವಾಸದ ಮೊದಲ ದಿನ ವೈಸು ತುಂಡುತುಂಡಾಗಿ ಗೋಣಿತಾಟಿನ ಮೇಲೆ ಬಿದ್ದಿತ್ತು. ಸೀಮೆಎಣ್ಣೆಯಲ್ಲಿ ತೊಳೆದ ಮೇಲೆ ಎಲ್ಲ ಕಂಡಿತು. ಗೂಡಿನ ಎಡಗೋಡೆ, ಬಾಯಿಯ ಹತ್ತಿರ, ಕನ್ನಡಿಯಂತೆ ಹೊಳೆಯುವಷ್ಟು ಸವೆದಿತ್ತು. ಒಳಕ್ಕೆ ಹೋದಂತೆ ಸವಕಳಿ ಕಡಿಮೆ. ಬಲಗೋಡೆ ಹೊಸದರಂತೆ ಒರಟಾಗಿಯೇ ಇತ್ತು.

“ಒಂದ ಬದಿಗೆ ಹೆಂಗ ಸವೀತಿದು?” ಮುರ್ತುಜಾಸಾಬ ಗದ್ದ ಕೆರೆದ. “ನಾವು ಯಾವಾಗಲೂ ದವಡಿ ನಡುವ ಹಿಡೀತೇವಿ. ನಡುವ ಹಿಡದ್ರ ಎರಡೂ ಕಡೆ ಸಮ ಬೀಳತೈತಿ. ತುದಿಗೆ ಹಿಡದ್ರಷ್ಟ ದವಡಿ ಸೊಟ್ಟ ತಿರಗತೈತಿ. ತುದಿಗೆ ಹಿಡದವರು ಯಾರು ಈ ಮನ್ಯಾಗ?”

ಅಕ್ಕಿ ಆರಿಸುತ್ತಿದ್ದ ಶಮ್ಶುನ್ನೀಸಾಳ ಕೈ ನಿಂತಿತು. ಪಕ್ಕದ ಮನೆಯ ಹೊನ್ನವ್ವ ಅವಳೊಂದಿಗೆ ಮಾತಾಡುತ್ತ ಕೂತಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

“ಶಾವಿಗಿ,” ಅಂದಳು ಹೊನ್ನವ್ವ, ತಡೆಯಲಾರದೆ.

“ಏನು ಶಾವಿಗಿ?”

“ಶಾವಿಗಿ ಮಿಶನ್ನು, ಸಾಬಣ್ಣಾ. ಎಡತುದಿಗೆ ಹಿಡೀತೇವಲ್ಲ, ವರ್ಷಾ.”

ಹಿತ್ತಾಳೆಯ ಆ ಶಾವಿಗೆ ಯಂತ್ರ ಶಮ್ಶುನ್ನೀಸಾ ತವರಿನಿಂದ ತಂದದ್ದು. ಇಪ್ಪತ್ತೆರಡು ವರ್ಷದ ಹಿಂದೆ ಅದರ ಕಾಲಿನ ತಿರುಪು ಮುರಿದಾಗಿನಿಂದ ಅದನ್ನು ವೈಸಿನಲ್ಲಿ ಕಚ್ಚಿಸಿ ಶಾವಿಗೆ ಹೊಸೆಯುವ ರೂಢಿ. ರಂಜಾನಿನ ಸುರಕುಂಬಾ ಪಾಯಸಕ್ಕೆ ಈ ಮನೆಯವರು, ಯುಗಾದಿಗೆ ಹೊನ್ನವ್ವನವರು, ಮದುವೆ ಇದ್ದರೆ ಇಡೀ ಓಣಿಯವರು. ಗಟ್ಟಿ ಹಿಟ್ಟು, ಉದ್ದ ಹಿಡಿಕೆ. ಇಬ್ಬರು ಹೆಂಗಸರು ಜೋತುಬಿದ್ದು ತಿರುವಬೇಕು.

“ಇಪ್ಪತ್ತೆರಡು ವರ್ಷ!” ಮುರ್ತುಜಾಸಾಬನ ದನಿ ಓಣಿಗೆ ಕೇಳಿತು. “ರೋಜಾ ಹಿಡದೇನಿ, ಬೈಯಬಾರದು, ಇಲ್ಲಾಂದ್ರ... ತುದಿಗೆ ಯಾಕ ಹಿಡದ್ರಿ? ನಡುವ ಹಿಡಿಯಾಕ ಏನಾಗಿತ್ತು ನಿಮಗ?”

ಶಮ್ಶುನ್ನೀಸಾ ಮೊರವನ್ನು ಬದಿಗೆ ಸರಿಸಿ ಎದ್ದಳು. “ನೀವ ಹೇಳಿದ್ರಿ.”

“ನಾ?”

“ನೀವ. ಮೊದಲನೇ ವರ್ಷ ನಾ ನಡುವ ಹಿಡದಿದ್ದೆ. ನೀವು ಬಂದು ನೋಡಿ, ‘ನಡುವಿನ ಜಾಗಾ ರೋಜಿ ರೋಟಿದು, ಹೊಟ್ಟಿಪಾಡಿಂದು, ಅಲ್ಲೆ ಅಡಿಗೀ ಸಾಮಾನ ಹಿಡಿಬ್ಯಾಡ, ಅದಕ್ಕ ಬೇಅದಬಿ, ಅವಮಾನ ಆಗತೈತಿ, ಬೇಕಾದ್ರ ತುದಿಗೆ ಹಿಡಿ’ ಅಂದ್ರಿ. ಆವತ್ತಿನಿಂದ ಈ ಓಣಿ ಹೆಂಗಸರು ಒಬ್ಬರೂ ನಡುವಿಗೆ ಬೆರಳು ಹಚ್ಚಿಲ್ಲ.”

“ಖರೇ ಅದು,” ಅಂದಳು ಹೊನ್ನವ್ವ. “ನಾವು ಅದಕ್ಕ ಕೈ ಮುಗದು ತುದಿಗೆ ಹಿಡೀತಿದ್ವಿ, ಸಾಬಣ್ಣಾ.”

ಮುರ್ತುಜಾಸಾಬ ಗೂಡಿನ ಎಡಗೋಡೆಯ ಮೇಲೆ ಹೆಬ್ಬೆರಳು ಎಳೆದ. “ಶಹಾಬುದ್ದೀನ, ಎಷ್ಟು ದಿನಾ ಉಳದಾವ?” ಅಂದ.

“ಹದಿಮೂರು.”

“ಸಾಕು.”

ಸವೆದದ್ದನ್ನು ತುಂಬಬೇಕಿತ್ತು, ಅಷ್ಟೇ. ಮೊದಲು ಸೀಮೆಎಣ್ಣೆ ಡಬ್ಬಿಯ ತಗಡು ಕತ್ತರಿಸಿ, ಮಡಿಸಿ ಎಡಗೋಡೆಗೆ ತೂರಿದರು. ಒಂದು ದಿನ ಚೆನ್ನಾಗಿ ಹಿಡಿಯಿತು. ಎರಡನೆಯ ದಿನ ತಗಡು ಮುದುಡಿ, ಹರಿದು ಹೊರಗೆ ಬಂತು.

“ಹಿತ್ತಾಳಿ ಬೇಕು,” ಅಂದ ಮುರ್ತುಜಾಸಾಬ. “ದಪ್ಪಂದು. ಬಾಯಿ ಕಡೆ ದಪ್ಪ, ಒಳಗ ಹೋದಂಗ ತೆಳ್ಳಗ.”

ಶಮ್ಶುನ್ನೀಸಾ ಒಳಗಿನಿಂದ ಅರ್ಧ ಸೇರು ಹಿಡಿಯುವ ಅಚ್ಚೇರಿನ ಮಾಪು ತಂದು ಅವನ ಮುಂದೆ ಕುಕ್ಕಿದಳು. ಹಳೆಯ ಹಿತ್ತಾಳೆಯದು, ಹೊಟ್ಟೆಯ ಮೇಲೆ ಹಳೆಯ ಸರಕಾರದ ಮುದ್ರೆ. ಇನ್ನು ಅಂಗಡಿಯಲ್ಲಿ ಅದರಿಂದ ಅಳೆದರೆ ದಂಡ. ಆದರೂ ಅವಳು ದಿನಾ ಅದರಲ್ಲೇ ಜೋಳದ ಹಿಟ್ಟು ಅಳೆಯುತ್ತಿದ್ದಳು.

“ಇದನ್ನ ಕತ್ತರಸ್ಲಾ?” ಅಂದ ಶಹಾಬುದ್ದೀನ. “ಹಿಟ್ಟು ಯಾತರಾಗ ಅಳೀತಿ, ಅಮ್ಮಾ?”

“ಮೂವತ್ತು ವರ್ಷ ಅಳದ ಕೈಗೆ ಮಾಪು ಬೇಕೇನು? ಆದ್ರ ಒಂದು ಮಾತು. ವೈಸು ನೆಟ್ಟಗಾದ ಮ್ಯಾಲೆ ಶಾವಿಗಿ ಅದರಾಗ ಹೊಸಿಯೂದು.”

“ಅದರಾಗ ಇನ್ನ ಶಾವಿಗಿ ಇಲ್ಲ!” ಮುರ್ತುಜಾಸಾಬ ತಟ್ಟನೆ ಅಂದ. “ಪ್ಯಾಟ್ಯಾಗಿಂದು ತರ್ತೇನಿ.”

“ಪ್ಯಾಟಿ ಶಾವಿಗಿ ಹಾಲಾಗ ಹಾಕಿದ್ರ ಅಂಟಾಗತೈತಿ. ಮಾಪು ಒಳಗ ಇಡ್ಲಿ?”

“ಇಡು ಇಲ್ಲೇ. ಆಮ್ಯಾಲೆ ನೋಡೂಣು.”

“ಆಮ್ಯಾಲೆ ಅಲ್ಲ. ಸಾಹೇಬರ ಮುದ್ರಿ ಬೀಳೂತನಕಾ ನಾ ಶಾವಿಗಿ ಹಿಟ್ಟಿಗೆ ಕೈ ಹಚ್ಚೂದಿಲ್ಲ. ಬಿದ್ದ ಮ್ಯಾಲೆ ಬಿಡೂದಿಲ್ಲ.”

ಮಾಪನ್ನು ಸೀಳಿ, ಕಾಯಿಸಿ, ಬಡಿದು ಪಟ್ಟಿ ಮಾಡಿದರು. ಅದನ್ನು ಬೇಕಾದ ಇಳಿಜಾರಿಗೆ ಉಜ್ಜಬೇಕು. ಉಜ್ಜುವಾಗ ಹಿಡಿಯಲು ವೈಸು ಬೇಕು. ವೈಸೇ ಬಿಚ್ಚಿ ಬಿದ್ದಿದೆ. ಶಹಾಬುದ್ದೀನ ಕಾಲಿನಡಿ ಹಿಡಿದು ಉಜ್ಜಲು ಹೋಗಿ ಹೆಬ್ಬೆರಳು ಕೆತ್ತಿಸಿಕೊಂಡ. ಸಗೀರಾ ಪಟ್ಟಿಯನ್ನು ಅವನ ಕೈಯಿಂದ ತೆಗೆದುಕೊಂಡು ಹಿತ್ತಲಿಗೆ ನಡೆದಳು. ಒಗೆಯುವ ಕಲ್ಲಿನ ಮೇಲೆ ಮರಳು, ನೀರು ಹಾಕಿ ತೇಯತೊಡಗಿದಳು. ಅವಳ ಕೈ ಸೋತಾಗ ಶಮ್ಶುನ್ನೀಸಾ, ಅವಳ ಕೈ ಸೋತಾಗ ಹೊನ್ನವ್ವ.

“ರೋಜಾ ಹಿಡದವರು ನೀವು ಕೂಡ್ರಿ,” ಅಂದಳು ಹೊನ್ನವ್ವ. “ನಾ ಉಂಡು ಬಂದೇನಿ. ಸವಸಿದ್ದರಾಗ ನನ್ನ ಪಾಲೂ ಐತಿ.”

ಮೂರು ದಿನ ತೇಯ್ದರು. ಎಲ್ಲಿ ಕೂಡುತ್ತದೆ, ಎಲ್ಲಿ ಕೂಡುವುದಿಲ್ಲ ಎಂದು ತಿಳಿಯುವುದು ಹೇಗೆ? ಸಗೀರಾ ಕಾಡಿಗೆ ಡಬ್ಬಿ ತಂದಿಟ್ಟಳು. ತೊಲೆಗೆ ಕಾಡಿಗೆ ತೆಳ್ಳಗೆ ಬಳಿದು ಗೂಡಿಗೆ ತೂರಿ ಎಳೆದರೆ, ಹಿತ್ತಾಳೆಯ ಮೇಲೆ ಎತ್ತರವಿದ್ದಲ್ಲಿ ಕಪ್ಪು ಹತ್ತಿ ಬರುತ್ತಿತ್ತು. ಕಪ್ಪಿದ್ದಲ್ಲಿ ಮತ್ತೆ ಕಲ್ಲಿಗೆ. ಮೊದಲು ಒಂದು ಚುಕ್ಕೆ, ಆಮೇಲೆ ನಾಲ್ಕು, ಆಮೇಲೆ ಅಂಗೈಯಗಲ. ಇಡೀ ಪಟ್ಟಿ ಒಂದೇ ಸಮ ಕಪ್ಪಾಗಿ ಬಂದ ಸಂಜೆ ಮುರ್ತುಜಾಸಾಬ ಪಟ್ಟಿಯ ತುದಿಯನ್ನು ಹೊರಕ್ಕೆ ಮಡಿಸಿ, ಗೂಡಿನ ಬಾಯಿಗೆ ಎರಡು ಸ್ಕ್ರೂ ಹಾಕಿ ಕೂರಿಸಿದ. ತೊಲೆ ತೂರಿದ. ಎಣ್ಣೆ ಬಿಟ್ಟ. ದವಡೆ ನಿಧಾನಕ್ಕೆ, ತುಂಬಿದ ಕಣಜದ ಬಾಗಿಲಿನಂತೆ ಬಿಗುವಾಗಿ ಜಾರಿತು.

ಎರಡು ಕಾಗದದ ಪಟ್ಟಿ. ಎರಡೂ ಹರಿದವು.

“ಅಜಾನ ಆತು, ಖಜೂರಿ ತಗೋರಿ,” ಎಂದು ಶಮ್ಶುನ್ನೀಸಾ ತಾಟು ಮುಂದೆ ಮಾಡಿದಾಗ, ಅಪ್ಪ ಮಗ ಇಬ್ಬರ ಕೈ ಕಾಡಿಗೆಯಲ್ಲಿ ಮುಳುಗಿತ್ತು. ಅವಳೇ ಇಬ್ಬರ ಬಾಯಿಗೂ ಇಟ್ಟಳು.

ಮರುದಿನ ಖಂಡೆಪ್ಪನ ದಂಡಿಗೆಗೆ ಹೊಸ ಕೀಲುಗಳು. ಮುರ್ತುಜಾಸಾಬ ಕಾನಸು ಹಿಡಿದು ನಿಂತವನು ಒಂದು ಗಳಿಗೆ ತಡೆದು, ನಡುವಿನ ಕೀಲನ್ನಷ್ಟೇ ಉಜ್ಜಿ ಪಕ್ಕಕ್ಕೆ ಸರಿದ.

“ತುದೀವು ಎರಡು ನೀ ಉಜ್ಜು.”

“ಎಡಗೈಲೆ?”

“ಮತ್ತ ಕಾಲಿಲೆ ಉಜ್ಜತಿಯೇನು?”

ಮುದ್ದೇಬಿಹಾಳದ ಚಾವಡಿಯ ತೊಲೆಗೆ ತಕ್ಕಡಿ ತೂಗುಬಿಟ್ಟಾಗ ಬಿಸಿಲು ನೆತ್ತಿಗೆ ಬಂದಿತ್ತು. ಬಸ್ಸಿನ ಮೇಲೆ ದಂಡಿಗೆ ಕಟ್ಟಿಕೊಂಡು ಬಂದಿದ್ದ ಅಪ್ಪ ಮಗನಿಗೆ ಬಾಯಿ ಒಣಗಿತ್ತು. ಖಂಡೆಪ್ಪ ಬಂದಿದ್ದ, ಅವನ ಹಿಂದೆ ತಾಳಿಕೋಟೆಯ ಏಳೆಂಟು ರೈತರು. ಅವರನ್ನು ಅವನೇ ಕರೆತಂದಿದ್ದ.

ಮಾಪಿನ ಸಾಹೇಬ ಎರಡೂ ಪರಡಿಗೆ ಇಪ್ಪತ್ತು ಇಪ್ಪತ್ತು ಕಿಲೋ ಇಡಿಸಿದರು. ಮುಳ್ಳು ನಡುವಿಗೆ ನಿಂತಿತು. ಅವರು ಬೆರಳಿನಿಂದ ಎಡಗೊಂಡಿಯನ್ನು ಧಾರೆಯ ಮುಂದಿನ ಅಂಚಿಗೆ ಸರಿಸಿದರು. ಮುಳ್ಳು ತೂಗಿತು, ತೂಗಿತು, ನಡುವಿಗೆ ನಿಂತಿತು. ಹಿಂದಿನ ಅಂಚಿಗೆ ಸರಿಸಿದರು. ನಡುವಿಗೇ. ಬಲಗೊಂಡಿ, ಮುಂದೆ, ಹಿಂದೆ. ಪರಡಿಗಳನ್ನೇ ಅದಲುಬದಲು ಮಾಡಿಸಿದರು. ಒಂದು ಪರಡಿಗೆ ಚಿಟಿಕೆ ಜೋಳ ಹಾಕಿದರು. ಮುಳ್ಳು ಕೂಡಲೇ ಅತ್ತ ವಾಲಿತು. ತೆಗೆದರು, ನಡುವಿಗೆ ಬಂತು.

“ಧಾರೆ ಯಾರು ಉಜ್ಜಿದ್ದು?”

“ನಡುವಿಂದು ನಾ, ಸಾಹೇಬ್ರ,” ಅಂದ ಮುರ್ತುಜಾಸಾಬ. “ತುದೀವು ಎರಡು ನನ್ನ ಮಗ. ಎಡಚ ಅದಾನ.”

“ಹೋದ ಸಲ ಏನಾಗಿತ್ತು?”

ಶಹಾಬುದ್ದೀನ ಬಾಯಿ ತೆರೆಯುವುದರೊಳಗೆ ಮುದುಕ ಅಂದ: “ನನ್ನ ಮಾತಿನಿಂದ ವೈಸು ಕೆಟ್ಟಿತ್ತ್ರಿ. ಈಗ ನೆಟ್ಟಗ ಮಾಡೇನಿ.”

ಸಾಹೇಬರಿಗೆ ಅರ್ಥವಾಗಲಿಲ್ಲ, ಕೇಳಲೂ ಇಲ್ಲ. ಸುತ್ತಿಗೆ ಎತ್ತಿ ದಂಡಿಗೆಯ ಸೀಸದ ಬೊಟ್ಟಿಗೆ ಮುದ್ರೆ ಹೊಡೆದರು. ಖಂಡೆಪ್ಪ ರೈತರತ್ತ ತಿರುಗಿ ಒಬ್ಬೊಬ್ಬರ ಮುಖವನ್ನೂ ನೋಡಿದ. “ನೋಡಿದ್ರಿಲ್ಲ?” ಅಂದ. ಆಮೇಲೆ ಮುರ್ತುಜಾಸಾಬನ ಕಡೆಗೆ: “ಸಾಬರ, ರೋಜಾ ಅದೀರಿ, ಇಲ್ಲಾಂದ್ರ ಅವತ್ತಿನ ಚಹಾ ಇವತ್ತು ಕುಡೀತಿದ್ದೆ.”

“ಹಬ್ಬಕ್ಕ ಬರ್ರಿ. ಸುರಕುಂಬಾ ಕುಡೀರಿ,” ಅಂದ ಮುರ್ತುಜಾಸಾಬ. ಅಂದಮೇಲೆ ಶಾವಿಗೆಯ ಮಾತು ನೆನಪಾಯಿತು.

ಮನೆಗೆ ಬಂದಾಗ ಶಮ್ಶುನ್ನೀಸಾ ಮಗನ ಮುಖ ನೋಡಿದಳು, ಒಳಗೆ ಹೋಗಿ ಗೋದಿ ರವೆಯ ಹಿಟ್ಟು ನೆನೆ ಹಾಕಿದಳು. ಮರುದಿನ ಬೆಳಿಗ್ಗೆ ಅಂಗಳಕ್ಕೆ ಹೊರಸು ಬಂತು, ಹೊರಸಿನ ಮೇಲೆ ಶಾವಿಗೆ ಒಣಗಿಸಲು ಒಗೆದ ಧೋತರ ಹಾಸಿದರು. ಹೊನ್ನವ್ವ ಸೆರಗು ಕಟ್ಟಿಕೊಂಡು ಬಂದಳು. ಸಗೀರಾ ಹಿತ್ತಾಳೆಯ ಯಂತ್ರವನ್ನು ಹೊತ್ತು ತಂದು, ರೂಢಿಯಂತೆ ದವಡೆಯ ಎಡತುದಿಗೆ ಇಡಹೋದಳು.

ಕಟ್ಟೆಯ ಮೇಲೆ ಕೂತಿದ್ದ ಮುರ್ತುಜಾಸಾಬ ಎದ್ದು ಬಂದ. ಹೆಂಗಸರು ಮೂವರೂ ತಡೆದು ನಿಂತರು. ಅವನು ಯಂತ್ರವನ್ನು ಸೊಸೆಯ ಕೈಯಿಂದ ತೆಗೆದುಕೊಂಡ. ಬಾಗಿಲ ಹೊರಗೆ ಒಯ್ಯುತ್ತಾನೋ ಎಂದು ಶಮ್ಶುನ್ನೀಸಾ ಸೊಂಟಕ್ಕೆ ಕೈಯಿಟ್ಟಳು. ಅವನು ಅದರ ಕಾಲನ್ನು ಹೆಗಲ ಟವೆಲ್ಲಿನಿಂದ ಒರೆಸಿ, ದವಡೆಗಳ ನಟ್ಟನಡುವಿಗೆ ಇಟ್ಟು ಹಿಡಿ ತಿರುವಿದ.

“ನಡುವ ಹಿಡೀಬೇಕು, ಬೇಟಿ,” ಅಂದ. ಆರು ವರ್ಷದಲ್ಲಿ ಸೊಸೆಗೆ ಅವನು ನೇರವಾಗಿ ಆಡಿದ ಮೊದಲ ಮಾತು. “ಇನ್ನ ಯಾವಾಗಲೂ ನಡುವ.”

ಸಗೀರಾ ಸೆರಗು ಸರಿಮಾಡಿಕೊಂಡಳು. ಯಂತ್ರವನ್ನು ಹಿಡಿದು ಒಮ್ಮೆ ಅಲುಗಿಸಿ ನೋಡಿದಳು.

“ಅತ್ತಿ, ಮಾವಾರಿಗೆ ಹೇಳ್ರಿ,” ಅಂದಳು, “ಇನ್ನೊಂದು ಅರ್ಧ ಸುತ್ತು ಬಿಗಿಬೇಕು ಅಂತ.”

ಮುರ್ತುಜಾಸಾಬ ಎರಡೂ ಕೈ ಹಾಕಿ ಇನ್ನೊಂದು ಅರ್ಧ ಸುತ್ತು ಬಿಗಿದ. ಹೊನ್ನವ್ವನೂ ಸಗೀರಾಳೂ ಹಿಡಿಕೆಗೆ ಜೋತುಬಿದ್ದರು. ವೈಸು ಅಲುಗಲಿಲ್ಲ. ಯಂತ್ರದ ಕೆಳಗಿನಿಂದ ಶಾವಿಗೆಯ ಮೊದಲ ಎಳೆಗಳು ಇಳಿಯತೊಡಗಿದಾಗ, ಶಹಾಬುದ್ದೀನ ಎಡಗೈಯನ್ನು ಮುಂದೆ ಚಾಚಿ ಅವನ್ನು ಹಿಡಿದುಕೊಂಡ.